ಖೂನಿನ ಲೆಕ್ಕ ಕೇಳುವವರು ಯಾರು? ಕಲ್ಯಾಣದಿಂದ ಕಲಬುರಗಿಯವರೆಗೆ ಕೊಲೆ ಮತ್ತು ಶಿಕ್ಷೆಯ ಹಿನ್ನೆಲೆ

ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ ಕೊಲೆ ನಡೆದರೆ ಊರವರು 'ಖೂನ್ ಆಗ್ಯಾದ' ಎನ್ನುತ್ತಾರೆ. ಫಾರ್ಸಿಯಿಂದ ಉರ್ದುವಿನ ಮೂಲಕ ನಮ್ಮ ಬಾಯಿಗೆ ಬಂದ ಈ ಮಾತಿಗೆ ಮೂಲದಲ್ಲಿ ರಕ್ತ ಎಂದೇ ಅರ್ಥ. ಚೆಲ್ಲಿದ ರಕ್ತದ ಲೆಕ್ಕ ಕೇಳುವ ಹಕ್ಕು ಸತ್ತವನ ಮನೆಯವರದೋ, ಆಳುವವನದೋ, ಆ ಲೆಕ್ಕವನ್ನು ಇನ್ನೊಂದು ಜೀವ ತೆಗೆದೇ ಚುಕ್ತಾ ಮಾಡಬೇಕೋ ಎಂಬ ಪ್ರಶ್ನೆಗೆ ಈ ನೆಲ ಒಂಬತ್ತು ಶತಮಾನಗಳಿಂದ ಬೇರೆ ಬೇರೆ ಉತ್ತರ ಕೊಡುತ್ತ ಬಂದಿದೆ.

ಮೊದಲ ದೊಡ್ಡ ಉತ್ತರ ದೊರೆಯುವುದು ಇಂದಿನ ಬಸವಕಲ್ಯಾಣದಲ್ಲಿ. ಚಾಲುಕ್ಯ ಅರಸ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಕಲಬುರಗಿ ಜಿಲ್ಲೆಯ ಮರತೂರು ಅವನನ್ನು ತನ್ನವನೆಂದು ಇಂದಿಗೂ ನೆನೆಯುತ್ತದೆ. ಆಸ್ತಿ ಹಂಚಿಕೆಯ ವಿಷಯದಲ್ಲಿ ದೇಶದ ಬಹುಭಾಗಕ್ಕೆ ಆಧಾರವಾದ ಈ ಗ್ರಂಥ ಜೀವ ತೆಗೆಯುವುದರ ಬಗೆಗೂ ಸೂಕ್ಷ್ಮವಾಗಿ ಯೋಚಿಸುತ್ತದೆ. ಮೇಲೆರಗಿ ಬರುವ ಆತತಾಯಿಯನ್ನು ತಡೆಯುವಾಗ ಅವನು ಸತ್ತರೆ ದೋಷವೆಷ್ಟು ಎಂಬ ಚರ್ಚೆ ಅಲ್ಲಿದೆ. ಇಂದಿನ ಆತ್ಮರಕ್ಷಣೆಯ ಹಕ್ಕಿನ ವಾದಗಳಿಗೆ ಅದು ತೀರ ಹತ್ತಿರದ್ದು. ಆದರೆ ಅದೇ ಸ್ಮೃತಿಯ ಪ್ರಾಯಶ್ಚಿತ್ತ ಭಾಗದಲ್ಲಿ ಕ್ಷತ್ರಿಯನನ್ನು ಕೊಂದವನು ಸಾವಿರ ಹಸುಗಳನ್ನೂ, ವೈಶ್ಯನನ್ನು ಕೊಂದವನು ನೂರನ್ನೂ, ಶೂದ್ರನನ್ನು ಕೊಂದವನು ಹತ್ತನ್ನೂ ದಾನ ಮಾಡಬಹುದೆಂದಿದೆ. ಇದು ಅರಸನ ದಂಡವಲ್ಲ, ಪಾಪ ಕಳೆದುಕೊಳ್ಳುವ ದಾರಿ ಎಂಬುದು ನಿಜ. ಆದರೂ ಒಂದು ಜೀವ ಇನ್ನೊಂದರ ನೂರರಲ್ಲೊಂದು ಪಾಲು ಎಂಬ ಎಣಿಕೆಯನ್ನು ಇಷ್ಟು ನಿಚ್ಚಳವಾಗಿ ಬರೆದಿಟ್ಟದ್ದನ್ನು ಓದುವಾಗ ಮನಸ್ಸು ಕಲಕುತ್ತದೆ.

ಆ ಎಣಿಕೆಯನ್ನೇ ಅಲ್ಲಗಳೆದ ಶರಣರು ಅದೇ ಕಲ್ಯಾಣದಲ್ಲಿ ಹನ್ನೆರಡನೇ ಶತಮಾನದ ನಡುವೆ ಸೇರಿದರು. 'ಕೊಲಬೇಡ' ಎಂಬ ಬಸವಣ್ಣನ ಮಾತಿನಲ್ಲಿ ಯಾರನ್ನು ಎಂಬ ವಿನಾಯಿತಿಯಿಲ್ಲ. ಶರಣ ಪರಂಪರೆ ಹೇಳುವಂತೆ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆಯಾದ ತಪ್ಪಿಗೆ ಬಿಜ್ಜಳನು ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟನು, ಅಂದರೆ ಆನೆಯ ಕಾಲಿಗೆ ಕಟ್ಟಿ ಸಾಯುವವರೆಗೆ ಊರಲ್ಲಿ ಎಳೆಸಿದನು. ಅದರ ಬೆನ್ನಿಗೇ ಜಗದೇವ, ಮೊಲ್ಲೆಬೊಮ್ಮಯ್ಯರ ಕೈಯಲ್ಲಿ ಬಿಜ್ಜಳನ ಕೊಲೆಯಾಯಿತೆಂದೂ, ಕಲ್ಯಾಣ ಚದುರಿಹೋಯಿತೆಂದೂ ಆ ಕಥನ ಮುಂದುವರಿಯುತ್ತದೆ. ನಮ್ಮ ಭಾಗದಲ್ಲಿ ಈ ಕಥೆಯನ್ನು ಹರಳಯ್ಯನ ತ್ಯಾಗವಾಗಿ ಮಾತ್ರ ಹೇಳುವುದುಂಟು. ನನಗೆ ಅದರಲ್ಲಿ ಅಷ್ಟೇ ಮುಖ್ಯವಾಗಿ ಕಾಣುವುದು, ಆಳುವವನು ಕಾನೂನಿನ ಹೆಸರಲ್ಲಿ ತೆಗೆದ ಜೀವಕ್ಕೆ ಸೇಡಾಗಿ ಇನ್ನೊಂದು ಜೀವ ಹೋದಾಗ 'ಕೊಲಬೇಡ' ಎಂದ ಊರೇ ಉಳಿಯಲಿಲ್ಲ ಎಂಬುದು.

1347ರಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ಆಳತೊಡಗಿದ ಮೇಲೆ ಇಸ್ಲಾಮಿ ನ್ಯಾಯಪದ್ಧತಿ ಬಂದಿತು. ಅದರಲ್ಲಿ ಕೊಲೆ ಮೊದಲಿಗೆ ಸತ್ತವನ ವಾರಸುದಾರರಿಗೆ ಆದ ಅನ್ಯಾಯ. ಜೀವಕ್ಕೆ ಜೀವ ಎಂಬ ಕಿಸಾಸ್ ಕೇಳುವುದು, ದಿಯತ್ ಎಂಬ ರಕ್ತಪರಿಹಾರ ಪಡೆಯುವುದು, ಇಲ್ಲವೇ ಕ್ಷಮಿಸಿಬಿಡುವುದು ಅವರ ಕೈಯಲ್ಲಿತ್ತು. ಹಣವಿದ್ದವನು ಪಾರಾಗುವ ಅಪಾಯ ಇದರಲ್ಲಿ ಇದ್ದೇ ಇದೆ. ಆದರೆ ಕಣ್ಣೀರು ಹಾಕಿದವರನ್ನು ಕೇಳದೆ ನ್ಯಾಯ ಮುಗಿಯದು ಎಂಬ ತಿಳಿವಳಿಕೆಯೂ ಇದರಲ್ಲಿತ್ತು. ಇದಲ್ಲದೆ ಸುಲ್ತಾನನು ತನ್ನ ವಿವೇಚನೆಯಿಂದ ಶಿಕ್ಷೆ ಕೊಡುವ ಸಿಯಾಸತ್ ಎಂಬ ಅಧಿಕಾರ ಬೇರೆ ಇತ್ತು. ಅದಕ್ಕೆ ವಾರಸುದಾರರ ಒಪ್ಪಿಗೆ ಬೇಕಿರಲಿಲ್ಲ.

ಆ ಅಧಿಕಾರ ಹೇಗೆ ದಾರಿ ತಪ್ಪುತ್ತದೆ ಎಂಬುದಕ್ಕೆ ಬೀದರಿನ ಮಹಮೂದ್ ಗಾವಾನನ ಸಾವಿಗಿಂತ ದೊಡ್ಡ ಸಾಕ್ಷಿ ಬೇಡ. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಮಿನಾರಿನ ಮೇಲೆ ನೀಲಿ, ಹಸಿರು, ಬಿಳಿ ಹೆಂಚುಗಳ ಚೂರುಗಳು ಇಂದಿಗೂ ಬಿಸಿಲಿಗೆ ಹೊಳೆಯುತ್ತವೆ. ಆಸ್ಥಾನದ ವೈರಿಗಳು ಈ ಪ್ರಧಾನಿಯ ಮುದ್ರೆ ಕಾಯುವವನನ್ನು ವಶ ಮಾಡಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿ, ಒಡಿಶಾದ ಅರಸನನ್ನು ದಂಡೆತ್ತಿ ಬಾ ಎಂದು ಕರೆಯುವ ಪತ್ರವನ್ನು ಅದರ ಮೇಲೆ ಬರೆಸಿದರು. ಸುಲ್ತಾನ ಮೂರನೇ ಮುಹಮ್ಮದನು ಮುದ್ರೆ ನಿನ್ನದೇ ತಾನೆ ಎಂದು ಕೇಳಿದನೇ ಹೊರತು ಪತ್ರ ಬರೆದವರಾರು ಎಂದು ವಿಚಾರಿಸಲಿಲ್ಲ. 1481ರಲ್ಲಿ ಕೊಂಡಪಲ್ಲಿಯ ಬಿಡಾರದಲ್ಲಿ ಆ ವೃದ್ಧನ ತಲೆ ಉರುಳಿತು. ನಿಜ ತಿಳಿದು ಪರಿತಪಿಸಿದ ಸುಲ್ತಾನನೂ ಮರುವರ್ಷವೇ ತೀರಿಕೊಂಡನು. ಮರಣದಂಡನೆಯನ್ನು ವಿರೋಧಿಸುವವರು ಇಂದು ಮುಂದಿಡುವ ಮುಖ್ಯ ವಾದ, ತಪ್ಪು ತಿಳಿದ ದಿನ ತಿದ್ದಲು ಜೀವ ಉಳಿದಿರುವುದಿಲ್ಲ ಎಂಬುದು. ಬೀದರಿನವರಿಗೆ ಅದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ವಾರಸುದಾರರ ಕ್ಷಮಿಸುವ ಹಕ್ಕನ್ನು ಬಂಗಾಳದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1790ರ ದಶಕದಲ್ಲಿ ತೆಗೆದುಹಾಕಿದನು. ಅಲ್ಲಿಂದ ಕೊಲೆ ಸರ್ಕಾರದ ವಿರುದ್ಧದ ಅಪರಾಧವಾಗುತ್ತ ಬಂದು, 1860ರ ಭಾರತೀಯ ದಂಡ ಸಂಹಿತೆಯ 302ನೇ ಕಲಮು ಮರಣದಂಡನೆ ಅಥವಾ ಜೀವಾವಧಿ ಗಡಿಪಾರು ಎಂದು ನಿಗದಿ ಮಾಡಿತು; ಆ ಗಡಿಪಾರು ಮುಂದೆ ಜೀವಾವಧಿ ಸೆರೆಯಾಯಿತು. ನಿಜಾಮರ ಸಂಸ್ಥಾನಕ್ಕೆ ತನ್ನದೇ ಕಾನೂನುಗಳಿದ್ದವು. 1948ರ ಸೆಪ್ಟೆಂಬರ್ 17ರ ವಿಮೋಚನೆಯ ನಂತರ, 1951ರಲ್ಲಿ ಭಾರತದ ಸಂಹಿತೆ ನಮ್ಮ ಜಿಲ್ಲೆಗಳಿಗೂ ಅನ್ವಯಿಸಿತು.

ಅದರಾಚೆಯ ಬದಲಾವಣೆ ಮೆಲ್ಲನೆಯದು, ಆದರೆ ಆಳವಾದದ್ದು. 1955ರವರೆಗೆ ಕೊಲೆಗಾರನಿಗೆ ಗಲ್ಲು ವಿಧಿಸದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಗಲ್ಲು ವಿಧಿಸಿದರೆ ವಿಶೇಷ ಕಾರಣ ಬರೆಯಬೇಕಾಯಿತು. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾಲ್ಕು–ಒಂದರ ಬಹುಮತದಿಂದ ಮರಣದಂಡನೆಯನ್ನು ಎತ್ತಿಹಿಡಿಯಿತಾದರೂ ಅದನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿತು. ಒಪ್ಪದೆ ಉಳಿದ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ವಾದ, ಯಾರಿಗೆ ಗಲ್ಲಾಗುತ್ತದೆ ಎಂಬುದು ಯಾವ ನ್ಯಾಯಪೀಠದ ಮುಂದೆ ಬಂದರು ಎಂಬುದನ್ನು ಅವಲಂಬಿಸಬಾರದು ಎಂಬುದಾಗಿತ್ತು.

ಕಲಬುರಗಿ ಜಿಲ್ಲೆಯದೇ ಒಂದು ಪ್ರಕರಣ ಆ ಮಾತನ್ನು ನೆನಪಿಸುತ್ತದೆ. ಮೊದಲ ಹೆಂಡತಿಯನ್ನು ಕೊಂದು ಶಿಕ್ಷೆಗೊಳಗಾಗಿದ್ದವನೊಬ್ಬ ಪೆರೋಲ್ ಮೇಲೆ ಹೊರಬಂದಾಗ ಎರಡನೇ ಹೆಂಡತಿಯನ್ನೂ ಮಗಳನ್ನೂ ಕೊಂದನು. ಇದಕ್ಕಿಂತ ಘೋರವಾದುದನ್ನು ಊಹಿಸುವುದು ಕಷ್ಟ. 2005ರಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ಖಾಯಂ ಮಾಡಿತು. ಆದರೆ ಜೀವಾವಧಿ ಕೈದಿ ಕೊಲೆ ಮಾಡಿದರೆ ಗಲ್ಲೇ ಗತಿ ಎಂಬ ನಿಯಮವನ್ನು ಅದೇ ನ್ಯಾಯಾಲಯ 1983ರಲ್ಲೇ ರದ್ದುಪಡಿಸಿತ್ತು, ಮತ್ತು ಈ ತೀರ್ಪು ಅದಕ್ಕೆ ಹೊಂದುವುದಿಲ್ಲವೆಂಬ ಮಾತು ಮುಂದೆ ನ್ಯಾಯಾಂಗದೊಳಗಿಂದಲೇ ಬಂದಿತು. ಕ್ಷಮಾದಾನದ ಅರ್ಜಿ 2013ರಲ್ಲಿ ತಿರಸ್ಕೃತವಾಯಿತು. ಅರ್ಜಿಯ ಮೇಲಿನ ವಿಳಂಬವನ್ನೂ ದೀರ್ಘಕಾಲದ ಏಕಾಂತ ಸೆರೆಯನ್ನೂ ಪರಿಗಣಿಸಿ 2023ರಲ್ಲಿ ಕರ್ನಾಟಕ ಹೈಕೋರ್ಟ್ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಅಪರಾಧ ಒಂದೇ, ಸಾಕ್ಷ್ಯ ಒಂದೇ. ಒಬ್ಬನ ಜೀವ ಇಪ್ಪತ್ತು ವರ್ಷ ನೇಣಿಗೂ ಬದುಕಿಗೂ ನಡುವೆ ತೂಗಾಡಿತು. ಆತನ ಕೃತ್ಯದ ಬಗ್ಗೆ ನನಗೆ ಎಳ್ಳಷ್ಟೂ ಕನಿಕರವಿಲ್ಲ, ಆದರೆ ಹೀಗೆ ತೂಗಾಡಿಸುವ ಶಿಕ್ಷೆಯನ್ನು ಯಾವ ಕಾನೂನೂ ಬರೆದಿಲ್ಲ.

ಬಿಡುಗಡೆಯಾದರೆ ಮತ್ತೆ ಕೊಲ್ಲುತ್ತಾನೆ ಎಂಬ ಭಯಕ್ಕೆ ಬೇರೆ ಉತ್ತರ ಈಗಿದೆ. ಬೆಂಗಳೂರಿನ ಪ್ರಕರಣವೊಂದರಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆಯನ್ನು ಗಲ್ಲಿಗೆ ಬದಲಾಗಿ ವಿಧಿಸಿತು; 2015ರಲ್ಲಿ ಸಂವಿಧಾನ ಪೀಠವೂ ಅಂಥ ಶಿಕ್ಷೆಯನ್ನು ಒಪ್ಪಿತು. ಅದೇ ವರ್ಷ ಕಾನೂನು ಆಯೋಗ ತನ್ನ 262ನೇ ವರದಿಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಹೂಡುವ ಅಪರಾಧಗಳನ್ನು ಬಿಟ್ಟು ಉಳಿದವಕ್ಕೆ ಮರಣದಂಡನೆ ಬೇಡವೆಂದು ಶಿಫಾರಸು ಮಾಡಿತು. ಹಾಗಿದ್ದರೂ ಹಳೆಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮು ಗಲ್ಲನ್ನು ಉಳಿಸಿಕೊಂಡಿದೆ.

ಈ ಇಡೀ ಚರ್ಚೆಯಲ್ಲಿ ಸತ್ತವರ ಮನೆಯವರು ಎಲ್ಲಿ? ಒಂದು ಮಧ್ಯಾಹ್ನ ಕಲಬುರಗಿಯ ನ್ಯಾಯಾಲಯದ ಆವರಣದಲ್ಲಿ, ಮಗನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದಳು. ಅರಿವೆಯಲ್ಲಿ ಎರಡು ಕಟಕ ರೊಟ್ಟಿ, ಶೇಂಗಾ ಹಿಂಡಿ. ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಚಿಟ್ಟ ಎಫ್‌ಐಆರ್ ಪ್ರತಿ. "ಅಂವಗ ಫಾಸಿ ಆಗತಾದೋ ಇಲ್ಲೋ ನನಗ ಗೊತ್ತಿಲ್ರಿ ಯಣ್ಣಾ, ಮಗನ ಹೆಸರಿನ ಸಾಲ ಯಾರ ತೀರಸ್ತಾರ ಅದನ್ನ ಹೇಳ್ರಿ" ಎಂದಳು. ಕೊಲೆಯಾದವರ ಕುಟುಂಬಕ್ಕೆ ಪರಿಹಾರ ಕೊಡಲು ಸರ್ಕಾರದ ಯೋಜನೆಯಿರಬೇಕೆಂದು 2009ರಿಂದಲೇ ಕಾನೂನಿನಲ್ಲಿದೆ. ಆರೋಪಿ ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಇಂದು ಅದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನಲ್ಲಿದೆ. ಎರಡು ವರ್ಷದಿಂದ ತಾರೀಖಿಗೆ ಬರುತ್ತಿದ್ದ ಆಕೆಗೆ ಅಂಥದೊಂದು ಅರ್ಜಿ ಇದೆಯೆಂದು ಆವರೆಗೆ ಯಾರೂ ಹೇಳಿರಲಿಲ್ಲ.