ಕಾಣಲ್ಲ ಅಂದವರ ಬೆರಳು ಬೆಳಕನ್ನು ತೋರಿಸಿತು

1973ರಲ್ಲಿ ಲಂಡನ್ನಿನಲ್ಲಿ ಒಬ್ಬರಿಗೆ ಮೆದುಳಿನ ಆಪರೇಷನ್ ಆಯಿತು. ಹದಿಹರೆಯದಿಂದಲೂ ಅವರನ್ನು ತಲೆನೋವು ಹಿಂಡುತ್ತಿತ್ತು. ತಲೆಯ ಹಿಂಭಾಗದಲ್ಲಿ, ಬಲಗಡೆ, ರಕ್ತನಾಳಗಳು ಗಂಟು ಕಟ್ಟಿಕೊಂಡಿದ್ದವು. ಆ ಗಂಟಿನ ಜೊತೆ ಸುತ್ತಲಿನ ಮೆದುಳನ್ನೂ ತೆಗೆಯಬೇಕಾಯಿತು. ತಲೆನೋವೇನೋ ತಗ್ಗಿತು, ಆದರೆ ನೋಟದ ಎಡಭಾಗ ಹೋಯಿತು. ಎಡಗಣ್ಣು ಹೋಗಿದ್ದಲ್ಲ. ಎರಡೂ ಕಣ್ಣು ಚೆನ್ನಾಗಿಯೇ ಇದ್ದವು. ಯಾವ ಕಣ್ಣಿಂದ ನೋಡಿದರೂ ಎದುರಿನ ದೃಶ್ಯದ ಎಡಗಡೆ ಬಹುಪಾಲು ಕಾಣುತ್ತಿರಲಿಲ್ಲ, ಅಷ್ಟೇ. ವಿಜ್ಞಾನದ ದಾಖಲೆಗಳಲ್ಲಿ ಇವರನ್ನು ಡಿ.ಬಿ. ಎಂದು ಕರೆಯುತ್ತಾರೆ.

ಮನೋವಿಜ್ಞಾನಿ ಲಾರೆನ್ಸ್ ವೈಸ್‌ಕ್ರಾಂಟ್ಸ್, ಎಲಿಜಬೆತ್ ವಾರಿಂಗ್ಟನ್ ಮತ್ತು ಜೊತೆಗಾರರು ಇವರನ್ನು ಪರೀಕ್ಷಿಸಿದರು. ಡಿ.ಬಿ. ಎದುರಿನ ಒಂದು ಚುಕ್ಕೆಯನ್ನೇ ದಿಟ್ಟಿಸಬೇಕು. ಕಾಣದ ಕಡೆ ಒಂದು ಕ್ಷಣ ಬೆಳಕು ಮಿನುಗುತ್ತದೆ. ಏನೂ ಕಾಣದಿದ್ದರೂ ಪರವಾಗಿಲ್ಲ, ಅದು ಎಲ್ಲಿತ್ತೆಂದು ಸುಮ್ನೆ ಊಹಿಸಿ ಬೆರಳು ತೋರಿಸಬೇಕು. ಬೆರಳು ಹೆಚ್ಚುಕಡಿಮೆ ಸರಿಯಾದ ಜಾಗಕ್ಕೇ ಹೋಗುತ್ತಿತ್ತು. ಗೆರೆ ಅಡ್ಡವೋ ಉದ್ದವೋ ಎಂದು ಕೇಳಿದಾಗಲೂ ಹಾಗೇ. ಆಕಾರ ಸಾಕಷ್ಟು ದೊಡ್ಡದಿದ್ದರೆ ಅದು ಗುಣಾಕಾರದ ಗುರುತೋ ಸೊನ್ನೆಯೋ ಎಂಬುದಕ್ಕೂ ಬಹುಪಾಲು ಸರಿಯುತ್ತರವೇ ಬರುತ್ತಿತ್ತು. ಆಮೇಲೆ ಅವರು ಬೆರಳು ತೋರಿಸಿದ್ದನ್ನು ಅವರಿಗೇ ವಿಡಿಯೋದಲ್ಲಿ ತೋರಿಸಿದರು. ಡಿ.ಬಿ. ದಂಗಾದರು. ತಾನು ಬರೀ ಊಹೆ ಮಾಡುತ್ತಿದ್ದೆ ಎಂದೇ ಅವರು ಹೇಳುತ್ತಿದ್ದರು. 1974ರಲ್ಲಿ ಪ್ರಕಟವಾದ ಈ ಸಂಗತಿಗೆ ಬ್ಲೈಂಡ್‌ಸೈಟ್ ಎಂಬ ಹೆಸರು ಬಂತು. ಕನ್ನಡದಲ್ಲಿ ಕುರುಡುನೋಟ ಅನ್ನಬಹುದು.

ಇದು ಮೊದಲೇ ಯಾಕೆ ಗೊತ್ತಾಗಲಿಲ್ಲ? ನನಗೆ ಈ ಕಥೆಯಲ್ಲಿ ತುಂಬಾ ಮುಖ್ಯ ಅನಿಸುವುದು ಇದೇ. ಮೆದುಳಿನ ಇದೇ ಭಾಗ ಹೋದ ಕೋತಿಗಳು ಅಷ್ಟಿಷ್ಟು ನೋಡಬಲ್ಲವು ಎಂಬುದು ಆಗಲೇ ಗೊತ್ತಿತ್ತು. ವೈಸ್‌ಕ್ರಾಂಟ್ಸ್ ಅವರ ಪ್ರಯೋಗಾಲಯದಲ್ಲಿ ಹೆಲೆನ್ ಎಂಬ ಕೋತಿಯಿತ್ತು. ಅವರ ವಿದ್ಯಾರ್ಥಿ ನಿಕೋಲಸ್ ಹಂಫ್ರಿ ವರ್ಷಗಟ್ಟಲೆ ಅದರ ಜೊತೆ ಕೆಲಸ ಮಾಡಿದರು, ಹಗ್ಗ ಕಟ್ಟಿ ಬಯಲಲ್ಲಿ ಓಡಾಡಿಸಿದರು. ಹೆಲೆನ್ ಅಡ್ಡ ಬಂದದ್ದನ್ನು ತಪ್ಪಿಸಿಕೊಂಡು ಓಡಾಡುವುದನ್ನೂ, ನೆಲದ ಮೇಲಿನ ಚೂರುಪಾರು ತಿಂಡಿಯನ್ನು ಹೆಕ್ಕುವುದನ್ನೂ ಕಲಿಯಿತು. ಮನುಷ್ಯರು ಮಾತ್ರ ಪೂರ್ತಿ ಕುರುಡಾಗುತ್ತಾರೆ ಎಂದುಕೊಂಡಿದ್ದರು. ಕೋತಿಯನ್ನು ‘ಕಾಣ್ತಿದೆಯಾ?’ ಎಂದು ಕೇಳಲು ಆಗುವುದಿಲ್ಲವಲ್ಲ. ಅದರ ಮುಂದೆ ಎರಡು ಆಯ್ಕೆ ಇಟ್ಟು, ಸರಿ ಆರಿಸಿದರೆ ತಿಂಡಿ ಕೊಡುತ್ತಾರೆ. ಮನುಷ್ಯರನ್ನು ಮಾತ್ರ ಬಾಯಿಬಿಟ್ಟು ಕೇಳುತ್ತಿದ್ದರು. ಅವರು ಪ್ರಾಮಾಣಿಕವಾಗಿ ‘ಇಲ್ಲ’ ಎನ್ನುತ್ತಿದ್ದರು. ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. ಕೋತಿಗೆ ಒಡ್ಡಿದ ಪ್ರಶ್ನೆಯನ್ನೇ ಮನುಷ್ಯರಿಗೂ ಒಡ್ಡಿದಾಗ ಬೇರೆಯೇ ಉತ್ತರ ಬಂತು.

ಇದಕ್ಕೆ ಕಾರಣ ನರಗಳ ಜೋಡಣೆಯಲ್ಲಿದೆ. ಪ್ರತಿ ಕಣ್ಣಿಂದ ಸುಮಾರು 10 ಲಕ್ಷ ನರತಂತುಗಳು ಹೊರಡುತ್ತವೆ. ಹೆಚ್ಚಿನವು ನಡುವೆ ಒಂದು ಕಡೆ ತಂಗಿ ತಲೆಯ ಹಿಂಭಾಗದ ದೃಷ್ಟಿ ಪದರಕ್ಕೆ ಸುದ್ದಿ ಮುಟ್ಟಿಸುತ್ತವೆ. ಡಿ.ಬಿ. ಕಳೆದುಕೊಂಡದ್ದು ಈ ಪದರದ ಬಲಭಾಗವನ್ನು. ಸುಮಾರು ಶೇಕಡ 10ರಷ್ಟು ತಂತುಗಳು ಬೇರೆ ದಾರಿ ಹಿಡಿದು ಮೆದುಳಿನ ನಡುಭಾಗದ, ಜೀವವಿಕಾಸದಲ್ಲಿ ಹಳೆಯದಾದ ಕೇಂದ್ರಗಳಿಗೆ ಹೋಗುತ್ತವೆ. ಹತ್ತು ಪರ್ಸೆಂಟ್ ತಾನೇ ಎನ್ನಬೇಡಿ. ಅದೇ ಲಕ್ಷದ ಲೆಕ್ಕ. ಒಂದು ಕಿವಿಯಿಂದ ಮೆದುಳಿಗೆ ಹೋಗುವ ತಂತುಗಳೆಲ್ಲ ಸೇರಿದರೂ ಸುಮಾರು 30 ಸಾವಿರ. ಅಷ್ಟರಲ್ಲೇ ನಾವು ಸಂಗೀತ ಕೇಳುತ್ತೇವೆ, ಅಲ್ವಾ?

ಅನುಮಾನಪಟ್ಟವರೂ ಇದ್ದರು. ಬೆಳಕು ಕಣ್ಣೊಳಗೆ ಚೆದುರಿ ಒಳ್ಳೆಯ ಭಾಗಕ್ಕೂ ಬಿದ್ದಿರಬಹುದು ಎಂದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಸಿಕ್ಕ ಉತ್ತರ ತುಂಬಾ ಚೆಂದದ್ದು. ನಮ್ಮೆಲ್ಲರ ಕಣ್ಣಲ್ಲೂ ನರ ಹೊರಹೋಗುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳೇ ಇಲ್ಲ. ಬೆಳಕು ಸರಿಯಾಗಿ ಅಲ್ಲಿ ಬಿದ್ದಾಗ ಡಿ.ಬಿ. ಊಹೆ ಕೈಕೊಟ್ಟಿತು. ಅದರ ಪಕ್ಕದಲ್ಲಿ ಬಿದ್ದಾಗ ಫಲಿಸಿತು. ಚೆದುರಿದ ಬೆಳಕೇ ಕಾರಣವಾಗಿದ್ದರೆ ಎರಡೂ ಕಡೆ ಒಂದೇ ಫಲ ಬರಬೇಕಿತ್ತು.

2008ರಲ್ಲಿ ಬಿಯಾಟ್ರಿಸ್ ಡಿ ಗೆಲ್ಡರ್ ತಂಡ ಟಿ.ಎನ್. ಎಂಬುವರ ಬಗ್ಗೆ ಬರೆಯಿತು. ಎರಡು ಪಾರ್ಶ್ವವಾಯುಗಳಿಂದ ಅವರ ದೃಷ್ಟಿ ಪದರ ಎರಡೂ ಬದಿ ಹಾಳಾಗಿತ್ತು. ಓಡಾಡಲು ಕೋಲು ಬೇಕಿತ್ತು. ಸಂಶೋಧಕರು ಒಂದು ಓಣಿಯಲ್ಲಿ ಪೆಟ್ಟಿಗೆ, ಕುರ್ಚಿಗಳನ್ನು ಅಡ್ಡಾದಿಡ್ಡಿ ಇಟ್ಟರು. ಅದನ್ನು ಅವರಿಗೆ ಹೇಳಲಿಲ್ಲ. ಕೋಲಿಲ್ಲದೆ ನಡೆಯಿರಿ ಎಂದರು. ಬಿದ್ದರೆ ಹಿಡಿಯಲು ವೈಸ್‌ಕ್ರಾಂಟ್ಸ್ ಹಿಂದೆಯೇ ಬಂದರು. ಟಿ.ಎನ್. ಒಂದು ಕಡೆ ಗೋಡೆಗೆ ಒತ್ತಿಕೊಂಡು, ಇನ್ನೊಂದು ಕಡೆ ಬಳಸಿಕೊಂಡು, ಯಾವುದಕ್ಕೂ ತಾಗದೆ ಆಚೆ ತಲುಪಿದರು. ಅಡ್ಡಲಾಗಿ ಏನಾದರೂ ಇತ್ತೆಂದೇ ಅವರಿಗೆ ಗೊತ್ತಿರಲಿಲ್ಲ.

ಚರ್ಚೆ ಇನ್ನೂ ನಿಂತಿಲ್ಲ. ಕೆಲವು ರೋಗಿಗಳು ಏನೋ ಸರಿದಾಡಿದಂತಾಯಿತು ಎನ್ನುತ್ತಾರೆ. ಹಾಗಾಗಿ ಇದು ಅರಿವಿಲ್ಲದ ನೋಟವಲ್ಲ, ಬಹಳ ಮಸುಕಾದ ಅರಿವು ಎಂಬುದು ತತ್ವಶಾಸ್ತ್ರಜ್ಞ ಇಯಾನ್ ಫಿಲಿಪ್ಸ್ ಅವರ ವಾದ. ಆ ವಾದದಲ್ಲಿ ಹುರುಳಿದೆ. ಆದರೂ ಓಣಿ ಖಾಲಿಯಿತ್ತು ಎಂದುಕೊಂಡೇ ನಡೆದ ಟಿ.ಎನ್. ಅವರನ್ನು ಅದರಲ್ಲಿ ಹೊಂದಿಸುವುದು ಕಷ್ಟ ಅನಿಸುತ್ತದೆ. ಈ ನಡುವೆ ಪಾರ್ಶ್ವವಾಯುವಿನಿಂದ ಅರ್ಧ ನೋಟ ಕಳೆದುಕೊಂಡವರಿಗೆ ಕೆಲವು ಪ್ರಯೋಗಾಲಯಗಳು ತರಬೇತಿ ಕೊಡುತ್ತಿವೆ. ಕಾಣದ ಜಾಗದಲ್ಲಿ ಚಲಿಸುವ ಚುಕ್ಕೆಗಳನ್ನು ಸಾವಿರಾರು ಸಲ ತೋರಿಸಿ, ಯಾವ ದಿಕ್ಕಿಗೆ ಹೋದವು ಎಂದು ಪ್ರತಿ ಸಲವೂ ಊಹಿಸಲು ಹೇಳುತ್ತಾರೆ. ಕೆಲವರಲ್ಲಿ ಆ ಜಾಗದ ಒಂದು ಪಾಲು ಮತ್ತೆ ಕೆಲಸಕ್ಕೆ ಬರುತ್ತಿದೆ.