ಹಳೇ ಸ್ಪಿಟ್‌ಫೈರ್ ಕಿಟ್‌ಗೆ ಕೈಯಾರೆ ಕಾಕ್‌ಪಿಟ್

ಸ್ಪಿಟ್‌ಫೈರ್ ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ಅದರ ಐವತ್ತು ಅರವತ್ತು ವರ್ಷ ಹಳೆಯ 1:72 ಪ್ಲಾಸ್ಟಿಕ್ ಮಾಡೆಲ್ ಕಿಟ್ ಬಿಚ್ಚಿದರೆ ಕಾಕ್‌ಪಿಟ್ ಅಂತ ಸಿಗುವುದು ಹೆಚ್ಚೆಂದರೆ ಒಂದು ಸೀಟು, ಒಂದು ಪೈಲಟ್ ಗೊಂಬೆ. ಉಳಿದದ್ದು ಖಾಲಿ ಡಬ್ಬಿ. ಅದನ್ನು ತುಂಬಿಸುವಾಗ ನಾನು ಬರೆದಿಟ್ಟುಕೊಂಡ ಟಿಪ್ಪಣಿ ಇದು.

ಮೊದಲು ಲೆಕ್ಕ. ನಿಜವಾದ ಅಳತೆಯನ್ನು 72ರಿಂದ ಭಾಗಿಸಬೇಕು. ಸ್ಪಿಟ್‌ಫೈರ್ ಮಾರ್ಕ್ 1ರ ರೆಕ್ಕೆಯ ಅಗಲ 11.23 ಮೀಟರ್, ಮಾಡೆಲ್‌ನಲ್ಲಿ ಅದು 156 ಮಿ.ಮೀ. ಈಗ ಲೆಕ್ಕ ತಿರುಗಿಸಿ ನೋಡಿ. 1 ಮಿ.ಮೀ. ಪ್ಲಾಸ್ಟಿಕ್ ಅಂದರೆ ನಿಜದಲ್ಲಿ 7.2 ಸೆಂ.ಮೀ.! ಅಸಲಿ ವಿಮಾನದ ಮೈ ತೆಳು ತಗಡು, ನಮ್ಮ ಪೈಲಟ್ ಮಾತ್ರ ಕೋಟೆ ಗೋಡೆಯೊಳಗೆ ಕೂತಿದ್ದಾನೆ. ಹಾಗಾಗಿ ಮೊದಲ ಕೆಲಸ ಏನನ್ನಾದರೂ ಅಂಟಿಸುವುದಲ್ಲ, ಕೆರೆಯುವುದು. ಕಾಕ್‌ಪಿಟ್ ಅಂಚಿನ ಒಳಮೈಯನ್ನು ಬ್ಲೇಡಿನಿಂದ ನಿಧಾನವಾಗಿ ಹೆರೆಯಿರಿ, ನಡುನಡುವೆ ದೀಪಕ್ಕೆ ಹಿಡಿದು ನೋಡಿ. ಬೆಳಕು ಒಳಗಿಂದ ಹಾಯಲು ಶುರುವಾದರೆ ಸಾಕು, ನಿಲ್ಲಿಸಿ. ನಾನು ಆಸೆಗೆ ಬಿದ್ದು ಇನ್ನೂ ನಾಲ್ಕು ಸಲ ಎಳೆದೆ, ತೂತಾಯಿತು.

ಎಡಗಡೆ ಪೈಲಟ್ ಹತ್ತುವ ಪುಟ್ಟ ಬಾಗಿಲು ಇದೆಯಲ್ಲ, ಅದನ್ನು ಕತ್ತರಿಸಿ ತೆಗೆದು 0.25 ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸದು ಮಾಡಿದರೆ ಇಡೀ ಮಾಡೆಲ್‌ನ ಕಳೆಯೇ ಬದಲಾಗುತ್ತದೆ.

ಸಾಮಾನು ದುಬಾರಿ ಏನಲ್ಲ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಬಿಸಾಡುವ ಕಪ್ಪಿನ ತಳದಲ್ಲಿ ತ್ರಿಕೋನದೊಳಗೆ 6 ಅಂತ ಇದ್ದರೆ ಅದೂ ಪಾಲಿಸ್ಟೈರೀನೇ, ಮಾಡೆಲ್ ಅಂಟು ಹಿಡಿಯುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್, ಅದರ ಸಹವಾಸ ಬೇಡ.

ಸ್ಪ್ರೂ, ಅಂದರೆ ಭಾಗಗಳು ಅಂಟಿಕೊಂಡಿರುವ ಕಡ್ಡಿ, ಬಿಸಾಡಬೇಡಿ. ಮೇಣದಬತ್ತಿಯ ಜ್ವಾಲೆಯ ಮೇಲೆ, ತಾಗಿಸದೆ, ತಿರುಗಿಸುತ್ತಾ ಇರಿ. ಹೊಳಪು ಬಂದು ಜೋತುಬಿದ್ದಾಗ ಪಕ್ಕಕ್ಕೆ ತಂದು, ಒಂದು ಕ್ಷಣ ಬಿಟ್ಟು ಎಳೆಯಿರಿ. ಬೇಗ ಎಳೆದರೆ ಕೂದಲೆಳೆ, ನಿಧಾನಕ್ಕೆ ಎಳೆದರೆ ದಪ್ಪ ಕಂಬಿ. ಗೋಡೆಯ ಪೈಪು, ಸನ್ನೆಕೋಲು ಎಲ್ಲಾ ಇದರಲ್ಲೇ ಆಗುತ್ತದೆ.

ಸ್ಪಿಟ್‌ಫೈರ್‌ನ ಕಂಟ್ರೋಲ್ ಸ್ಟಿಕ್ ಸಾದಾ ಕೋಲಲ್ಲ, ತುದಿಯಲ್ಲಿ ಉಂಗುರದಂಥ ಹಿಡಿ ಇದೆ. ಹಳೇ ಫೋನ್ ವೈರಿನ ತಾಮ್ರದ ಎಳೆಯನ್ನು ದಪ್ಪ ಸೂಜಿಗೆ ಒಂದು ಸುತ್ತು ಸುತ್ತಿ ಕತ್ತರಿಸಿದರೆ ಉಂಗುರ ಸಿದ್ಧ. ಸೀಟ್ ಬೆಲ್ಟಿಗೆ ಮಾಸ್ಕಿಂಗ್ ಟೇಪ್ ಸಾಕು. ಎರಡು ಇಂಚಿನ ಪಟ್ಟಿ ಇಲ್ಲಿ 0.7 ಮಿ.ಮೀ., ಕೈ ನಡುಗದಿದ್ದರೆ ಆಯಿತು! ಗೋಡೆಗೆ ಬೂದು ಮಿಶ್ರಿತ ಹಸಿರು ಬಣ್ಣ. ಕೆಂಪು ಕಂದು ಬಣ್ಣದ ಸೀಟೂ ಬಹಳ ಸ್ಪಿಟ್‌ಫೈರ್‌ಗಳಲ್ಲಿ ಇತ್ತು, ಆಗ ಅದು ಲೋಹದ್ದಲ್ಲ, ರೆಸಿನ್ ಬೆರೆಸಿ ಮಾಡಿದ್ದು.

ಡ್ಯಾಶ್‌ಬೋರ್ಡಿನ ನಡುವೆ ಆರು ಮೀಟರುಗಳ ಚೌಕಟ್ಟು ಇರುತ್ತದೆ: ಮೇಲೆ ಮೂರು, ಕೆಳಗೆ ಮೂರು. ಕಪ್ಪು ಹಾಳೆಯ ಮೇಲೆ ಬಿಳಿ ಬಣ್ಣದ ಸೂಜಿಮೊನೆ ಚುಕ್ಕಿ, ಒಣಗಿದ ಮೇಲೆ ಒಂದೊಂದು ಹನಿ ಫೆವಿಕಾಲ್. ಅದು ಪಾರದರ್ಶಕವಾಗಿ ಒಣಗಿ ಗಾಜಿನಂತೆ ಕಾಣುತ್ತದೆ. ಇದಕ್ಕೆ ಮೂರು ಸಂಜೆ ಕೊಟ್ಟು, ಆಮೇಲೆ ಕಿಟ್‌ನ ದಪ್ಪ ಕ್ಯಾನಪಿ, ಅಂದರೆ ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ, ಮುಚ್ಚಿದೆ. ಏನೂ ಕಾಣಲಿಲ್ಲ. ಒಂಚೂರೂ!

ಹಾಗಾದರೆ ತೆರೆದಿಡೋಣ ಅಂದರೆ, ಆ ದಪ್ಪ ಕ್ಯಾನಪಿ ಹಿಂದಕ್ಕೆ ಸರಿಸಿದಾಗ ವಿಮಾನದ ಬೆನ್ನಿನ ಮೇಲೆ ಕೂರುವುದೇ ಇಲ್ಲ. ಎಂ-ಸೀಲ್‌ನಲ್ಲಿ ಅದೇ ಆಕಾರದ ಅಚ್ಚು ಮಾಡಿ, ಅಳತೆ ಒಂಚೂರು ಕಮ್ಮಿ ಇರಲಿ, ಕಾಯಿಸಿದ ತೆಳು ಪಾರದರ್ಶಕ ಹಾಳೆಯೊಳಗೆ ಒತ್ತಬೇಕು. ಮೊದಲ ಎರಡು ಮೂರು ಹಾಳಾಗುತ್ತವೆ, ಬೇಜಾರು ಬೇಡ.

ಕೊನೆಗೆ ಆಂಟೆನಾ ತಂತಿ. ಕೂದಲೆಳೆ ಸ್ಪ್ರೂವನ್ನು ಕಂಬದಿಂದ ಬಾಲಕ್ಕೆ ಅಂಟಿಸಿ, ಉರಿಯುವ ಊದುಬತ್ತಿಯನ್ನು ತಾಗಿಸದೆ ಹತ್ತಿರ ತನ್ನಿ, ಸಡಿಲ ತಂತಿ ತಾನಾಗಿ ಬಿಗಿಯಾಗುತ್ತದೆ. ಆದರೆ ಮೊದಲು ನಿಮ್ಮ ವಿಮಾನದ ಫೋಟೋ ನೋಡಿ. 1940ರಲ್ಲಿ ವಿಎಚ್‌ಎಫ್ (ಅತಿ ಹೆಚ್ಚು ಆವರ್ತನದ) ರೇಡಿಯೋ ಬಂದಂತೆ ಈ ತಂತಿ ಹೋಯಿತು. ನಿಮ್ಮದು ಆಮೇಲಿನದಾದರೆ ಊದುಬತ್ತಿ ದೇವರಿಗೇ ಇರಲಿ.