ಹೂಂ ಅಂದವರೇ ಜಾಸ್ತಿ ಇದ್ರೂ ಸೋತಿದ್ದು ಹೇಗೆ? ಡಿ ಆಂಜಾ ಕಾಲೇಜ್ ವೋಟಿನ ಲೆಕ್ಕ

ಮೊದಲ ಕಂತಿನ ಗಡುವು ಡಿಸೆಂಬರ್ 10 ಹತ್ರ ಬಂತು ಅಂದ್ರೆ ಕ್ಯಾಲಿಫೋರ್ನಿಯಾದ ಕೂಪರ್ಟಿನೋ, ಸನ್ನಿವೇಲ್, ಮೌಂಟನ್ ವ್ಯೂ ಕಡೆಯ ನಮ್ಮ ಜನ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿನ ಫೋಟೋ ವಾಟ್ಸಾಪ್ ಮಾಡೋಕೆ ಶುರು ಮಾಡ್ತಾರೆ, ಟ್ಯಾಕ್ಸ್ ಕೆಲಸ ಮಾಡೋ ನನಗೆ ಬರೋ ಪ್ರಶ್ನೇಲಿ ಒಂದಂತೂ ಖಾಯಂ: "ಸರ್, ಇಲ್ಲಿ ಫುಟ್‌ಹಿಲ್-ಡಿ ಆಂಜಾ ಅಂತ ಲೈನ್ ಇದೆಯಲ್ಲ, ನಮ್ಮ ಮಕ್ಕಳು ಇನ್ನೂ ಎಲಿಮೆಂಟರಿ ಸ್ಕೂಲು, ಕಾಲೇಜಿಗೆ ನಾವ್ಯಾಕೆ ಕಟ್ಟಬೇಕು?" ಚಿಕ್ಕ ಉತ್ತರ ಏನಂದ್ರೆ ಈ ಏರಿಯಾದ ವೋಟರ್‌ಗಳು ಹೂಂ ಅಂದಿದಾರೆ ಅದಕ್ಕೆ. ಆದರೆ ಆ ವೋಟಿನ ಒಳಗೆ ಹೋಗಿ ನೋಡಿದ್ರೆ ನಿಜವಾಗ್ಲೂ ತಿಳ್ಕೊಬೇಕಾದ ವಿಷಯ ಇದೆ, ಅದನ್ನ ಪೂರ್ತಿ ಬರೀತೀನಿ.

ಮೊದಲು ಕಾಲೇಜ್ ಡಿಸ್ಟ್ರಿಕ್ಟ್ ಅಂದ್ರೆ ಏನು ಅಂತ. ನಮ್ಮೂರಲ್ಲಿ ಸರ್ಕಾರಿ ಕಾಲೇಜಿಗೆ ಕಟ್ಟಡ ಬೇಕಂದ್ರೆ ಎಂಎಲ್‌ಎ ಹತ್ರ ಅರ್ಜಿ ಹೋಗುತ್ತೆ, ಬಜೆಟ್‌ನಲ್ಲಿ ಬಂದ್ರೆ ಬಂತು, ಊರಿನವರು ಅದಕ್ಕೆ ಅಂತ ವೋಟ್ ಹಾಕೋದು ಅನ್ನೋದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜ್‌ಗಳಿಗೆ (ಹೆಚ್ಚಾಗಿ ಎರಡು ವರ್ಷದ ಕೋರ್ಸ್ ಇರೋ ಸರ್ಕಾರಿ ಕಾಲೇಜು) ತಮ್ಮದೇ ಗಡಿ ಇರೋ ಡಿಸ್ಟ್ರಿಕ್ಟ್ ಇರ್ತಾವೆ, ರಾಜ್ಯದಲ್ಲಿ ಒಟ್ಟು 73 ಇವೆ, ಅದರ ಬೋರ್ಡ್ ಮೆಂಬರ್‌ಗಳನ್ನ ಅಲ್ಲಿಯ ಜನಾನೇ ಆರಿಸ್ತಾರೆ, ಕಟ್ಟಡಕ್ಕೆ ಸಾಲ ಎತ್ತಬೇಕಂದ್ರೆ ಅದೇ ಜನರ ಒಪ್ಪಿಗೆ ಬೇಕು. ಕೂಪರ್ಟಿನೋದ ಡಿ ಆಂಜಾ ಮತ್ತೆ ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್, ಎರಡೂ ಒಂದೇ ಡಿಸ್ಟ್ರಿಕ್ಟ್‌ಗೆ ಸೇರಿದ್ದು, ಪಾಲೋ ಆಲ್ಟೋ ಸನ್ನಿವೇಲ್ ಎಲ್ಲ ಅದರೊಳಗೇ ಬರುತ್ತೆ. ನಮ್ಮ ಎಷ್ಟೋ ಮನೆಯ ಹೆಣ್ಮಕ್ಕಳು ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡೋದು) ಇದ್ದಾಗ ಕೋರ್ಸ್ ಮಾಡಿದ್ದು ಡಿ ಆಂಜಾದಲ್ಲೇ, ಹೈಸ್ಕೂಲ್ ಮಕ್ಕಳು ಬೇಸಿಗೇಲಿ ಕ್ರೆಡಿಟ್ ತಗೊಳೋದೂ ಅಲ್ಲೇ, ಹಾಗಾಗಿ ನಮಗೆ ಸಂಬಂಧ ಇಲ್ಲ ಅನ್ನೋ ಹಾಗಂತೂ ಇಲ್ಲ.

ಈಗ 2020 ಮಾರ್ಚ್ 3ಕ್ಕೆ ಬರೋಣ. ಅವತ್ತು ಸೂಪರ್ ಟ್ಯೂಸ್‌ಡೇ, ಅಂದ್ರೆ ಎಷ್ಟೋ ರಾಜ್ಯಗಳು ಒಟ್ಟಿಗೆ ಪಕ್ಷದ ಅಧ್ಯಕ್ಷ ಅಭ್ಯರ್ಥಿಗೆ ವೋಟ್ ಹಾಕೋ ದಿನ, ಎಲ್ಲರ ತಲೇಲಿ ಇದ್ದಿದ್ದು ಸ್ಯಾಂಡರ್ಸಾ ಬೈಡನ್ನಾ ಅಂತ. ಅದೇ ಬ್ಯಾಲೆಟ್‌ನ ಕೆಳಗಡೆ ಈ ಕಾಲೇಜ್ ಡಿಸ್ಟ್ರಿಕ್ಟ್ ಎರಡು ವಿಷಯ ಕೇಳಿತ್ತು, ಇಂಥ ಪ್ರಸ್ತಾಪಕ್ಕೆ ಮೆಷರ್ ಅಂತಾರೆ. ಮೆಷರ್ ಜಿ, 89 ಕೋಟಿ 80 ಲಕ್ಷ ಡಾಲರ್ ಬಾಂಡ್, ಅಂದ್ರೆ ಪ್ರಾಪರ್ಟಿ ಟ್ಯಾಕ್ಸ್‌ನಿಂದ ತೀರಿಸೋ ಸಾಲ, ಕಟ್ಟಡ ರಿಪೇರಿ, ಲ್ಯಾಬು, ಕ್ಲಾಸ್‌ರೂಮ್ ಇಂಥದ್ದಕ್ಕೆ. ಮೆಷರ್ ಎಚ್, ವರ್ಷಕ್ಕೆ ಒಂದು ಪಾರ್ಸೆಲ್‌ಗೆ (ಅಂದ್ರೆ ಒಂದು ಆಸ್ತಿಗೆ) 48 ಡಾಲರ್, ಐದು ವರ್ಷ, ಇದು ಪಾಠ, ಮೇಷ್ಟ್ರು, ವಿದ್ಯಾರ್ಥಿಗಳ ನೆರವು ಇವಕ್ಕೆ.

ಜಿ ಗೆದ್ದಿತು. ಎಚ್ ಸೋತಿತು.

ಇದನ್ನ ನೋಡಿ ಎಷ್ಟೋ ಜನ ನನ್ನ ಹತ್ರಾನೇ ಹೇಳಿದಾರೆ, ನೋಡಿ ಜನರಿಗೆ ಬಿಲ್ಡಿಂಗ್ ಬೇಕು ಮೇಷ್ಟ್ರು ಬೇಡ ಅಂತ. ಈ ಮಾತು ತಪ್ಪು, ವೋಟರ್‌ಗಳಿಗೆ ಅನ್ಯಾಯ ಮಾಡೋ ಮಾತು. ಎರಡಕ್ಕೂ ಅರ್ಧಕ್ಕಿಂತ ಜಾಸ್ತಿ ಜನ ಹೂಂ ಅಂತಾನೇ ಹಾಕಿದ್ರು. ವ್ಯತ್ಯಾಸ ಇದ್ದಿದ್ದು ದಾಟಬೇಕಾದ ಗೆರೆಯಲ್ಲಿ: ಬಾಂಡ್‌ಗೆ 55% ಸಾಕು, ಪಾರ್ಸೆಲ್ ಟ್ಯಾಕ್ಸ್‌ಗೆ ಮೂರರಲ್ಲಿ ಎರಡು ಭಾಗ ಬೇಕು, ಅಂದ್ರೆ 66.67%. ಮೂರು ಜನ ವೋಟ್ ಹಾಕಿದ್ರೆ ಇಬ್ಬರು ಒಪ್ಪಬೇಕು, ನೂರರಲ್ಲಿ 66 ಜನ ಒಪ್ಪಿದ್ರೂ ಸೋಲೇ.

ಈ ಎರಡು ಗೆರೆ ಎಲ್ಲಿಂದ ಬಂತು ಅಂತ ನೋಡೋಕೆ 1978ರ ಪ್ರಪೋಸಿಷನ್ 13ರಿಂದ ಶುರು ಮಾಡಬೇಕು (ಪ್ರಪೋಸಿಷನ್ ಅಂದ್ರೆ ಇಡೀ ರಾಜ್ಯದ ವೋಟರ್‌ಗಳ ಮುಂದಿಡೋ ಪ್ರಸ್ತಾಪ). ಪ್ರಾಪರ್ಟಿ ಟ್ಯಾಕ್ಸ್ ಮೂಲ ದರ 1%ಗೆ ಕಟ್ಟಿಹಾಕಿದ್ದು, ಮನೆಯ ಅಸೆಸ್ಡ್ ವ್ಯಾಲ್ಯೂ (ಟ್ಯಾಕ್ಸ್‌ಗೆ ಲೆಕ್ಕ ಹಿಡಿಯೋ ಬೆಲೆ) ವರ್ಷಕ್ಕೆ 2%ಗಿಂತ ಏರಬಾರದು ಅಂದಿದ್ದು, ಊರೂರಲ್ಲಿ ಹಾಕೋ ವಿಶೇಷ ತೆರಿಗೆಗೆ ಮೂರನೇ ಎರಡು ಬಹುಮತ ಬೇಕು ಅಂದಿದ್ದು ಎಲ್ಲ ಅದೇ. ಶಾಲೆ ಕಾಲೇಜಿನ ಬಾಂಡ್‌ಗೂ ಆ ಎತ್ತರದ ಗೆರೇನೇ ಇತ್ತು, 2000ದ ನವೆಂಬರ್‌ನಲ್ಲಿ ಪ್ರಪೋಸಿಷನ್ 39 ಪಾಸಾದ ಮೇಲೆ 55%ಗೆ ಇಳೀತು, ಆದರೆ ಪಾರ್ಸೆಲ್ ಟ್ಯಾಕ್ಸ್‌ನ ಮುಟ್ಟಲಿಲ್ಲ. ಇದೇ ಡಿಸ್ಟ್ರಿಕ್ಟ್ 1999ರಲ್ಲಿ 24 ಕೋಟಿ 80 ಲಕ್ಷ ಡಾಲರ್ ಬಾಂಡ್ ಗೆದ್ದಾಗ ಆ ಹಳೇ ಗೆರೇನೇ ದಾಟಿತ್ತು, 2006ರಲ್ಲಿ 49 ಕೋಟಿ 8 ಲಕ್ಷದ್ದು ಗೆದ್ದಿದ್ದು ಹೊಸ ಗೆರೇಲಿ. 2010ರಲ್ಲಿ 69 ಡಾಲರ್ ಪಾರ್ಸೆಲ್ ಟ್ಯಾಕ್ಸ್ ಕೇಳಿದ್ರು, ಆಗಲೂ ಹೂಂ ಅಂದವರೇ ಜಾಸ್ತಿ, ಆಗಲೂ ಸೋತ್ರು. ಹತ್ತು ವರ್ಷ ಆದ್ಮೇಲೆ ರೇಟ್ ಇಳಿಸಿ ಕೇಳಿದ್ರೂ ಅದೇ ಕಥೆ.

ಈಗ ದುಡ್ಡಿನ ಲೆಕ್ಕ, ನನ್ನ ಕೆಲಸ ಇರೋದೇ ಇಲ್ಲಿ. ಮೆಷರ್ ಜಿ ಅಂದಾಜು ದರ ಒಂದು ಲಕ್ಷ ಡಾಲರ್ ಅಸೆಸ್ಡ್ ವ್ಯಾಲ್ಯೂಗೆ ವರ್ಷಕ್ಕೆ 16 ಡಾಲರ್. ಹತ್ತಿರತ್ತಿರ ಅಂತ ಇಟ್ಕೊಳಿ, ವರ್ಷದಿಂದ ವರ್ಷಕ್ಕೆ ಸ್ವಲ್ಪ ಆಚೀಚೆ ಆಗುತ್ತೆ. ಅಸೆಸ್ಡ್ ವ್ಯಾಲ್ಯೂ ಅಂದ್ರೆ ಇವತ್ತಿನ ಮಾರ್ಕೆಟ್ ರೇಟ್ ಅಂತ ತಿಳ್ಕೊಬೇಡಿ, ನೀವು ಕೊಂಡ ಬೆಲೆ ಮೇಲೆ ವರ್ಷಕ್ಕೆ ಹೆಚ್ಚಂದ್ರೆ 2% ಸೇರಿಸ್ಕೊಂಡು ಬಂದಿದ್ದು. ಹಾಗಾಗಿ 18 ಲಕ್ಷ ಡಾಲರ್ ಕೊಟ್ಟು ಈಗಷ್ಟೇ ಮನೆ ತಗೊಂಡವರಿಗೆ ಜಿ ಒಂದರಿಂದಲೇ ಸುಮಾರು 288 ಡಾಲರ್, ಪಕ್ಕದ ಮನೇಲಿ ಎಂಬತ್ತರ ದಶಕದಿಂದ ಇರೋರ ಅಸೆಸ್ಡ್ ವ್ಯಾಲ್ಯೂ 2 ಲಕ್ಷ ಅಂತಿದ್ರೆ ಅವರಿಗೆ 32 ಡಾಲರ್. ಎರಡೂ ಮನೆ ಒಂದೇ ಥರ, ಒಂದೇ ಬೀದಿ. ಪಾರ್ಸೆಲ್ ಟ್ಯಾಕ್ಸ್ ಬಂದಿದ್ರೆ ಇಬ್ಬರಿಗೂ 48. 3 ಲಕ್ಷಕ್ಕಿಂತ ಮೇಲಿನ ಅಸೆಸ್ಡ್ ವ್ಯಾಲ್ಯೂ ಇರೋ ಪ್ರತಿ ಮನೆಗೂ ಗೆದ್ದಿದ್ದೇ ದುಬಾರಿ, ಸೋತಿದ್ದು ಅಗ್ಗ! ವೋಟರ್‌ಗಳು ದುಡ್ಡು ಉಳಿಸೋಕೆ ಎಚ್ ಸೋಲಿಸಿದ್ರು ಅನ್ನೋದಕ್ಕೆ ಈ ಲೆಕ್ಕ ಒಪ್ಪಲ್ಲ.

ಇನ್ನೊಂದು ಗಮನಿಸ್ಬೇಕು, ಅದೇ ದಿನ ರಾಜ್ಯಮಟ್ಟದಲ್ಲಿ 1,500 ಕೋಟಿ ಡಾಲರ್‌ದು ಶಾಲಾ-ಕಾಲೇಜು ಬಾಂಡ್ ಇತ್ತು, ಅದರ ನಂಬರೂ ದುರದೃಷ್ಟಕ್ಕೆ 13 ಅಂತಾನೇ ಬಂದಿತ್ತು, 1978ರದ್ದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ, ಅದಕ್ಕೆ ಸುಮಾರು 47% ಬಂದು ಬಿದ್ದೋಯ್ತು. ರಾಜ್ಯದಲ್ಲಿ ಬಿದ್ದ ದಿನಾನೇ ಇಲ್ಲಿ ಸ್ಥಳೀಯ ಬಾಂಡ್ ಗೆದ್ದಿದೆ ಅಂದ್ರೆ ಕಣ್ಣೆದುರಿಗಿರೋ ಕಾಲೇಜಿನ ಮೇಲೆ ಇಲ್ಲಿಯವರಿಗೆ ನಂಬಿಕೆ ಇದೆ ಅಂತಾನೇ ನಾನು ಓದೋದು.

ಸರಿ, ಬಾಂಡ್ ಗೆದ್ದಿತಲ್ಲ, ಆ ದುಡ್ಡಲ್ಲೇ ಮೇಷ್ಟ್ರಿಗೂ ಕೊಡಬಹುದಲ್ಲ ಅಂತ ಕೇಳ್ತಾರೆ. ಆಗಲ್ಲ. ಪ್ರಪೋಸಿಷನ್ 39ರ ಪ್ರಕಾರ ಆ ದುಡ್ಡು ಕಟ್ಟಡ, ಜಾಗ, ಸಲಕರಣೆ ಇಷ್ಟಕ್ಕೇ, ಮೇಷ್ಟ್ರ ಸಂಬಳಕ್ಕೆ, ದಿನನಿತ್ಯದ ಖರ್ಚಿಗೆ ಬಳಸೋ ಹಾಗೇ ಇಲ್ಲ. ಕಟ್ಟಡಕ್ಕೆ 55 ಸಾಕು ಪಾಠಕ್ಕೆ 67 ಬೇಕು ಅನ್ನೋ ನಿಯಮ ಇರೋವರೆಗೆ ಒಳ್ಳೇ ಲ್ಯಾಬ್ ಕಟ್ಟೋದು ಸುಲಭ, ಅದರೊಳಗೆ ಇನ್ನೊಂದು ಸೆಕ್ಷನ್ ತೆರೆಯೋದು ಕಷ್ಟ, ನನ್ನ ಪ್ರಕಾರ ಇದು ತಿರುಗಾ ಮುರುಗಾ ಆಗಿರೋ ವ್ಯವಸ್ಥೆ, ತಿದ್ದಬೇಕು.

ಇನ್ನು ನಮ್ಮವರ ವಿಷಯ. 18 ಲಕ್ಷದ ಮನೆಗೆ 288 ಕಟ್ತಾ ಇರೋರಲ್ಲಿ ಎಷ್ಟೋ ಜನ ಎಚ್-1ಬಿ ಅಥವಾ ಗ್ರೀನ್ ಕಾರ್ಡ್, ವೋಟೇ ಇಲ್ಲ. ಭಾರ ಜಾಸ್ತಿ ಬೀಳೋದು ಹೊಸದಾಗಿ ಕೊಂಡವರ ಮೇಲೆ, ಅವರಲ್ಲೇ ಮಾತಾಡೋ ಹಕ್ಕಿಲ್ಲದವರು ಇಷ್ಟು ಜನ. ನೋವಾಗೋ ವಿಷಯಾನೇ. ಹಾಗಂತ ಡಿಎಂವಿಯಲ್ಲಿ (ಡ್ರೈವಿಂಗ್ ಲೈಸೆನ್ಸ್ ಕೊಡೋ ಆಫೀಸು) ಫಾರ್ಮ್ ತುಂಬೋವಾಗ ವೋಟರ್ ರಿಜಿಸ್ಟ್ರೇಷನ್ ಪ್ರಶ್ನೆ ಬಂದ್ರೆ ಗ್ರೀನ್ ಕಾರ್ಡ್‌ನವರು ದಯವಿಟ್ಟು ಹುಷಾರಾಗಿರಿ, ಸಿಟಿಜನ್ ಅಂತ ತಪ್ಪಾಗಿ ಟಿಕ್ ಮಾಡಿದ್ರೆ ಇಮಿಗ್ರೇಷನ್‌ಗೇ ಕುತ್ತು ಬರುತ್ತೆ. ಸಿಟಿಜನ್ ಆದವರಂತೂ ಬ್ಯಾಲೆಟ್‌ನ ಮೇಲಿನ ಹೆಸರಿಗೆ ಟಿಕ್ ಮಾಡಿ ಕೆಳಗಿನದನ್ನ ಖಾಲಿ ಬಿಡಬೇಡಿ, ವೋಟರ್ ಗೈಡ್‌ನಲ್ಲಿ ಬಾಂಡ್ ಜೊತೆ ಟ್ಯಾಕ್ಸ್ ರೇಟ್ ಸ್ಟೇಟ್‌ಮೆಂಟ್ ಅಂತ ಇರುತ್ತೆ, ಅದರಲ್ಲಿರೋ ದರಾನ ನಿಮ್ಮ ಬಿಲ್ಲಿನ ಅಸೆಸ್ಡ್ ವ್ಯಾಲ್ಯೂಗೆ ಗುಣಿಸಿ ನೋಡಿ, ಎರಡು ನಿಮಿಷದ ಕೆಲಸ.

ವೋಟಿಲ್ಲದವರಿಗೂ ಒಂದು ದಾರಿ ಇದೆ. 55% ನಿಯಮದಲ್ಲಿ ಗೆದ್ದ ಪ್ರತಿ ಬಾಂಡ್‌ಗೂ ಜನರ ಓವರ್‌ಸೈಟ್ ಕಮಿಟಿ (ಖರ್ಚಿನ ಮೇಲೆ ಕಣ್ಣಿಡೋ ಸಮಿತಿ) ಇರಲೇಬೇಕು, ಪ್ರತಿ ವರ್ಷ ಆಡಿಟ್ ಆಗಲೇಬೇಕು, ಅದು ಕಾನೂನು. ಆ ಕಮಿಟಿ ಮೀಟಿಂಗ್ ಬಾಗಿಲು ಎಲ್ಲರಿಗೂ ತೆರೆದಿರುತ್ತೆ, ಯಾರೂ ಪಾಸ್‌ಪೋರ್ಟ್ ಕೇಳಲ್ಲ, ಆಡಿಟ್ ರಿಪೋರ್ಟೂ ಓದೋಕೆ ಸಿಗುತ್ತೆ. ವರ್ಷಕ್ಕೆ 288 ಕಟ್ಟೋರು ಹೋಗಿ ಕೂತ್ಕೊಳಿ, ಎಲ್ಲಿ ಖರ್ಚಾಯ್ತು ಅಂತ ಎದ್ದು ನಿಂತು ಕೇಳಿ.